ಬಾಕಿ ಪುಸ್ತಕದಲ್ಲಿರುವ ರಸ್ತೆಗಳು

ಒಂದೇ ಅಂಗಡಿ, ಒಂದೇ ಕಂಪೆನಿಯ ಸಿಮೆಂಟು, ಅದೇ ದಿನ. ಮನೆ ಕಟ್ಟಿಸುವವರು ಹಣ ಎಣಿಸಿ ಕೊಟ್ಟು ಹತ್ತು ಚೀಲ ಒಯ್ದರೆ ಒಂದು ದರ. ಪಂಚಾಯತ್ ರಸ್ತೆಯ ಗುತ್ತಿಗೆದಾರ ಇನ್ನೂರು ಚೀಲ ಒಯ್ದರೆ ಅದಕ್ಕಿಂತ ಹೆಚ್ಚಿನ ದರ. ಹೆಚ್ಚು ಕೊಂಡವನಿಗೆ ಕಡಿಮೆ ಬೆಲೆ ಎಂಬ ಸಂತೆಯ ನ್ಯಾಯ ಇಲ್ಲಿ ತಲೆಕೆಳಗಾಗಿದೆ. ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಕಟ್ಟಡ ಸಾಮಗ್ರಿ ಮಾರುವವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಮೊದಲನೆಯವರು ಸಿಮೆಂಟು ಕೊಂಡರು. ಎರಡನೆಯವನು ಸಿಮೆಂಟಿನ ಜೊತೆ ಸಾಲವನ್ನೂ ಕೊಂಡ. ಅದರ ಬಡ್ಡಿ ಚೀಲದ ದರದೊಳಗೇ ಕುಳಿತಿದೆ.

ಸರಕಾರ ಕಾಮಗಾರಿಗಳಿಗೆ ಹೆಚ್ಚು ಖರ್ಚು ಮಾಡಿದರೆ ಸಿಮೆಂಟು, ಕಬ್ಬಿಣ, ಜಲ್ಲಿ, ಕಲ್ಲಿನ ವ್ಯಾಪಾರ ಚೇತರಿಸುತ್ತದೆ ಎಂದು ಪ್ರತಿ ಬಜೆಟಿನ ಮರುದಿನ ಪತ್ರಿಕೆಗಳಲ್ಲಿ ಓದುತ್ತೇವೆ. 2025–26ರ ಕೇಂದ್ರ ಬಜೆಟಿನಲ್ಲಿ ಬಂಡವಾಳ ವೆಚ್ಚಕ್ಕೆ ಎತ್ತಿಟ್ಟದ್ದು 11.21 ಲಕ್ಷ ಕೋಟಿ ರೂಪಾಯಿ. ದೊಡ್ಡ ಸಿಮೆಂಟು, ಉಕ್ಕು ಕಂಪೆನಿಗಳ ಮಟ್ಟಿಗೆ ಆ ಮಾತು ಸುಳ್ಳಲ್ಲ. ಕಾಸರಗೋಡಿನ ಅಂಗಡಿ, ಕ್ರಶರ್, ಕಲ್ಲುಕೋರೆಗಳಿಗೆ ಬಂದಾಗ ಮಾತ್ರ ಬೇರೆ ಎರಡು ಪ್ರಶ್ನೆಗಳನ್ನು ಮೊದಲು ಕೇಳಬೇಕಾಗುತ್ತದೆ: ಹಣ ಯಾರ ಕೈ ದಾಟಿ ಬರುತ್ತದೆ, ಯಾವ ತಾರೀಕಿಗೆ ಬರುತ್ತದೆ? ಎಷ್ಟು ಕೋಟಿ ಎಂಬುದು ಆಮೇಲಿನ ಮಾತು.

ಜಿಲ್ಲೆ ಈವರೆಗೆ ಕಂಡ ಅತಿ ದೊಡ್ಡ ಕಾಮಗಾರಿ ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಭಾಗವನ್ನು ವಹಿಸಿಕೊಂಡದ್ದು ವಡಗರ ಕಡೆಯ ಊರಾಳುಂಗಲ್ ಕಾರ್ಮಿಕ ಗುತ್ತಿಗೆ ಸಹಕಾರಿ ಸಂಘ. 1925ರಲ್ಲಿ ಹುಟ್ಟಿದ, ಕಾರ್ಮಿಕರೇ ಒಡೆಯರಾಗಿರುವ ಸಂಸ್ಥೆ. ಈ ಗುತ್ತಿಗೆಯ ಮಾದರಿ ಸ್ವಲ್ಪ ವಿಶೇಷ. ಕೆಲಸ ನಡೆಯುತ್ತಿರುವಾಗ ಸರಕಾರ ವೆಚ್ಚದ 40 ಶೇಕಡದಷ್ಟನ್ನು ಕೊಡುತ್ತದೆ. ಉಳಿದದ್ದನ್ನು ಗುತ್ತಿಗೆದಾರ ಸಂಸ್ಥೆ ತಾನೇ ಹೊಂದಿಸಿಕೊಂಡು ರಸ್ತೆ ಮುಗಿಸಬೇಕು, ಆಮೇಲೆ 15 ವರ್ಷ ಕಂತಿನಲ್ಲಿ ವಾಪಸು ಪಡೆಯಬೇಕು. ಇಷ್ಟು ದೂರದವರೆಗೆ ಕಾಯಬಲ್ಲ ಕಿಸೆ ಯಾರದ್ದು? ಸಾವಿರಾರು ಕೋಟಿ ಸಾಲ ಎತ್ತಬಲ್ಲವರದ್ದು. ಅಂಥವರು ಸಾಮಗ್ರಿಯನ್ನು ಚಿಲ್ಲರೆ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಸರಳು ಕಾರ್ಖಾನೆಯಿಂದಲೇ ಬರುತ್ತದೆ, ಜಲ್ಲಿಗೆ ತಮ್ಮದೇ ಕ್ರಶರ್ ಇರುತ್ತದೆ, ಕಾಂಕ್ರೀಟು ತಮ್ಮದೇ ಪ್ಲಾಂಟಿನಲ್ಲಿ ತಯಾರಾಗುತ್ತದೆ. ಹೆದ್ದಾರಿಗೆ ನಿಮ್ಮಲ್ಲಿಂದ ಎಷ್ಟು ಚೀಲ ಸಿಮೆಂಟು ಹೋಯಿತು ಎಂದು ಮಂಜೇಶ್ವರದ ಹೊಸಂಗಡಿಯಲ್ಲಿ ಕೇಳಿ ನೋಡಿ, ನಗುತ್ತಾರೆ. ಅಲ್ಲಿ ಚೀಲವೇ ಇಲ್ಲ. ಟ್ಯಾಂಕರಿನಲ್ಲಿ ಬಂದ ಪುಡಿ ಕೊಳವೆಯ ಮೂಲಕ ನೇರ ಸೈಲೋ ಎಂಬ ಎತ್ತರದ ಉಗ್ರಾಣಕ್ಕೆ ಏರುತ್ತದೆ.

ಹೆದ್ದಾರಿ ಊರಿನಿಂದ ಪಡೆದದ್ದು ಬೇರೆ ಬಗೆಯದು. ಮಣ್ಣು, ಕರಿಕಲ್ಲು, ಟಿಪ್ಪರ್, ಟಿಪ್ಪರಿನ ಚಾಲಕರು. ಈ ನಾಲ್ಕಕ್ಕೂ ಬೇಡಿಕೆ ಒಟ್ಟಿಗೇ ಏರಿದಾಗ ಸಣ್ಣ ಕೆಲಸದವರು ಸಾಲಿನ ಕೊನೆಗೆ ಸರಿಯಬೇಕಾಯಿತು. ನಾನು ಹಿತ್ತಿಲ ತಡೆಗೋಡೆ ಕಟ್ಟಿಸಲು ಹೊರಟದ್ದು ಅದೇ ಕಾಲದಲ್ಲಿ. ಒಂದು ಲೋಡು ಜಲ್ಲಿಗೆ ಹನ್ನೊಂದು ದಿನ ಕಾದೆ. ಮೇಸ್ತ್ರಿ ಬೇರೆ ಕೆಲಸಕ್ಕೆ ಹೋಗಿಬಿಟ್ಟರು. ಅದರ ಮೇಲೆ 2023ರ ಏಪ್ರಿಲಿನಲ್ಲಿ ಕೇರಳ ಸರಕಾರ ಕಲ್ಲಿನ ರಾಜಧನ, ಅಂದರೆ ಕೋರೆಯಿಂದ ತೆಗೆದ ಕಲ್ಲಿಗೆ ಸರಕಾರಕ್ಕೆ ಕಟ್ಟುವ ಹಣ, ಏರಿಸಿತು, ಕೋರೆ ಮತ್ತು ಕ್ರಶರ್ ಮಾಲೀಕರು ಮುಷ್ಕರ ಹೂಡಿದರು. ಮುಷ್ಕರ ಮುಗಿದಾಗ ರಾಜಧನದ ಏರಿಕೆ ಲೋಡಿನ ದರಕ್ಕೆ ಸೇರಿತು. ಸರಕಾರ ರಸ್ತೆಗಾಗಿ ಕೊಳ್ಳುವ ಕಲ್ಲಿಗೆ ಸರಕಾರವೇ ತೆರಿಗೆ ಏರಿಸಿಕೊಂಡರೆ ಲೆಕ್ಕ ಸರಿದೂಗುತ್ತದೆ ಎಂದು ತಿರುವನಂತಪುರದಲ್ಲಿ ಕುಳಿತವರಿಗೆ ಅನ್ನಿಸಿರಬಹುದು. ಹಿತ್ತಿಲ ಗೋಡೆಯವರ ಲೆಕ್ಕವನ್ನು ಯಾರು ಕೇಳುತ್ತಾರೆ!

ಹಾಗಿದ್ದರೂ ಆ ನಾಲ್ಕೈದು ವರ್ಷ ಸಿಮೆಂಟು ಅಂಗಡಿಗಳಿಗೆ ಒಳ್ಳೆಯ ಕಾಲವೇ ಆಗಿತ್ತು. ಕಾರಣ ಪರಿಹಾರಧನ. 2013ರ ಭೂಸ್ವಾಧೀನ ಕಾನೂನಿನ ಪ್ರಕಾರ ಜಾಗದ ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನಧನವೂ ಸೇರುತ್ತದೆ. ಭೂಮಿಯ ವೆಚ್ಚದ ಕಾಲು ಭಾಗವನ್ನು ಕೇರಳ ಸರಕಾರವೇ ಹೊತ್ತುಕೊಂಡಿತು. ಇಡೀ ರಾಜ್ಯಕ್ಕೆ ಅದು 5,500 ಕೋಟಿ ರೂಪಾಯಿ ದಾಟಿತು. ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲಿನ ರಸ್ತೆ ಬದಿಯ ಮನೆಯವರು, ಅಂಗಡಿಯವರು ಆ ಹಣದಲ್ಲಿ ಒಳಗಿನ ಜಾಗ ಕೊಂಡರು, ಹೊಸದಾಗಿ ಕಟ್ಟಿದರು. ಕಟ್ಟುವಾಗ ಸರಳು, ಸಿಮೆಂಟು, ಕೆಂಪುಕಲ್ಲು, ಹೊಯಿಗೆ, ಟೈಲ್ಸ್ ಎಲ್ಲವನ್ನೂ ಊರಿನಲ್ಲೇ ಕೊಂಡರು, ಅದೂ ನಗದು ಕೊಟ್ಟು. ಕೆಡವಿದ ಕಟ್ಟಡಗಳ ಬಾಗಿಲು, ದಾರಂದ, ಹಂಚು, ತುಂಡು ಸರಳುಗಳನ್ನು ಮಾರುವ ಹಳೆ ಸಾಮಾನಿನ ವ್ಯಾಪಾರವೂ ಒಂದಷ್ಟು ಕಾಲ ಬೆಳೆಯಿತು. ಹೆದ್ದಾರಿಯ ದುಡ್ಡು ನಮ್ಮ ಅಂಗಡಿಗಳನ್ನು ತಲುಪಿದ್ದು ಹೆದ್ದಾರಿಗಾಗಿ ಮನೆ ಕಳೆದುಕೊಂಡವರ ಕೈಯಿಂದ. ಅದು ಒಮ್ಮೆ ಬರುವ ನೀರು. ಬಂತು, ಹರಿದು ಹೋಯಿತು.

ಇನ್ನೊಂದು ಬಗೆಯ ಸರಕಾರಿ ಕಟ್ಟಡವನ್ನೂ ಜಿಲ್ಲೆ ನೋಡಿದೆ. 2020ರಲ್ಲಿ ಚಟ್ಟಂಚಾಲಿನ ಬಳಿ ತೆಕ್ಕಿಲಿನಲ್ಲಿ ಟಾಟಾ ಸಮೂಹ ಕಟ್ಟಿಕೊಟ್ಟ ಕೋವಿಡ್ ಆಸ್ಪತ್ರೆ. ಎಲ್ಲವೂ ಹೊರಗೆ ತಯಾರಾಗಿ ಲಾರಿಯಲ್ಲಿ ಬಂದ ಕಂಟೇನರುಗಳು. ಕೆಂಪುಕಲ್ಲಿನ ನಾಡಿನಲ್ಲಿ ಕಲ್ಲಿಲ್ಲದ ಆಸ್ಪತ್ರೆ. ತಿಂಗಳುಗಳಲ್ಲಿ ಎದ್ದು ನಿಂತದ್ದಂತೂ ನಿಜ. ಅದರ ಎದುರಿಗೆ ಉಕ್ಕಿನಡ್ಕದ ವೈದ್ಯಕೀಯ ಕಾಲೇಜನ್ನು ಇಟ್ಟು ನೋಡಿ: ಶಿಲಾನ್ಯಾಸವಾದದ್ದು 2013ರ ನವೆಂಬರಿನಲ್ಲಿ, ಎಂಬಿಬಿಎಸ್ ತರಗತಿಗಳಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಒಂದು ಕೆಲಸ ಹನ್ನೆರಡು ವರ್ಷ ಎಳೆದಾಗ ಊರಿನ ವ್ಯಾಪಾರಿಗೆ ಅದು ಗಿರಾಕಿಯೂ ಅಲ್ಲ, ಗಿರಾಕಿಯಲ್ಲದೆಯೂ ಇಲ್ಲ. ಈ ಸಲವಾದರೂ ಕೆಲಸ ಓಡುತ್ತದೆಂದು ಸರಕು ತಂದಿಡುತ್ತಾನೆ, ಕೆಲಸ ನಿಲ್ಲುತ್ತದೆ, ಮಳೆಗಾಲದ ತೇವಕ್ಕೆ ಸಿಮೆಂಟು ಗಟ್ಟಿಯಾಗುತ್ತದೆ.

ಸಾಮಗ್ರಿ ಅಂಗಡಿಯ ನಿಜವಾದ ಸರಕಾರಿ ವ್ಯಾಪಾರ ಇರುವುದು ಚಿಕ್ಕ ಕೆಲಸಗಳಲ್ಲಿ. ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತ್, 6 ಬ್ಲಾಕ್ ಪಂಚಾಯತ್, 3 ನಗರಸಭೆಗಳಿವೆ. ಮೇಲೊಂದು ಜಿಲ್ಲಾ ಪಂಚಾಯತ್. ಇವು ಕಾಂಕ್ರೀಟು ರಸ್ತೆ, ಚರಂಡಿ, ಮೋರಿ, ಅಂಗನವಾಡಿ, ಶಾಲೆಯ ಆವರಣ ಗೋಡೆ ಮಾಡಿಸುತ್ತವೆ. ಐದೋ ಹತ್ತೋ ಲಕ್ಷದ ಕೆಲಸ. ಗುತ್ತಿಗೆದಾರನೂ ಊರಿನವನೇ, ಅಂಗಡಿಯೂ ಊರಿನದ್ದೇ. ಮನೆಯಿಲ್ಲದವರಿಗಾಗಿ ಕೇರಳ ಸರಕಾರ ನಡೆಸುವ ಲೈಫ್ ಮಿಷನ್ ಯೋಜನೆಯ ಮನೆಗಳೂ ಇಲ್ಲಿಗೇ ಸೇರುತ್ತವೆ. ಒಂದು ಮನೆಗೆ 4 ಲಕ್ಷ ರೂಪಾಯಿ, ಅದೂ ಕಂತಿನಲ್ಲಿ. ತಳಪಾಯ ಮುಗಿದ ಮೇಲೆ ಒಂದು ಕಂತು, ಗೋಡೆ ಎದ್ದ ಮೇಲೆ ಮತ್ತೊಂದು. ಒಂದು ಕಂತಿನಿಂದ ಇನ್ನೊಂದಕ್ಕೆ ದಾಟುವ ಸೇತುವೆ ಅಂಗಡಿಯವನ ಬಾಕಿ ಪುಸ್ತಕ. ಮನೆಯವರ ಮುಖ ಪರಿಚಯ ಇರುವುದರಿಂದ ಆ ಬಾಕಿಯ ಬಗ್ಗೆ ಯಾರಿಗೂ ಅಷ್ಟು ಭಯವಿಲ್ಲ. ಭಯವಿರುವುದು ಖಜಾನೆಯ ಬಾಕಿಯದ್ದು.

ಕೇರಳದಲ್ಲಿ ಪಂಚಾಯತಿನ ಯೋಜನಾ ನಿಧಿಯ ಬಿಲ್ಲು ಖಜಾನೆಯ ಮೂಲಕ ಪಾವತಿಯಾಗಬೇಕು. ರಾಜ್ಯದ ಕೈ ಬಿಗಿಯಾದಾಗ ಹಣಕಾಸು ಇಲಾಖೆ ಒಂದು ಮಿತಿ ಹಾಕುತ್ತದೆ. ಅದಕ್ಕಿಂತ ದೊಡ್ಡ ಬಿಲ್ಲಿಗೆ ವಿಶೇಷ ಒಪ್ಪಿಗೆ ಬೇಕು. ಈ ಮಿತಿ 5 ಲಕ್ಷಕ್ಕೆ ಇಳಿದದ್ದೂ ಇದೆ, 25 ಲಕ್ಷಕ್ಕೆ ಏರಿದ್ದೂ ಇದೆ. ಒಪ್ಪಿಗೆ ಸಿಗದ ಬಿಲ್ಲು ಸಾಲಿನಲ್ಲಿ ನಿಲ್ಲುತ್ತದೆ. ಕಾಯಲಾರದವರಿಗೆ ಬ್ಯಾಂಕಿನಲ್ಲಿ ಬಿಲ್ಲನ್ನು ವಟ್ಟಕ್ಕೆ ಕೊಟ್ಟು ಹಣ ಪಡೆಯುವ ವ್ಯವಸ್ಥೆಯೊಂದಿದೆ. ಬಡ್ಡಿಯ ಒಂದು ಪಾಲು ಗುತ್ತಿಗೆದಾರನ ತಲೆಗೆ. ತನ್ನದೇ ದುಡಿಮೆಯ ಹಣವನ್ನು ಬಡ್ಡಿ ತೆತ್ತು ಬಿಡಿಸಿಕೊಳ್ಳುವುದೆಂದರೆ ಇದು.

ಇದರ ಜೊತೆಗೆ ಮಳೆಯ ಪಂಚಾಂಗವೂ ಇದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ರಸ್ತೆ ಕೆಲಸ ಆಗುವುದಿಲ್ಲ. ಯೋಜನೆಗೆ ಮಂಜೂರಾತಿ, ತಾಂತ್ರಿಕ ಒಪ್ಪಿಗೆ, ಟೆಂಡರ್ ಎಂದು ಸುತ್ತಿ ಬರುವಾಗ ಕ್ರಿಸ್ಮಸ್ ಕಳೆದಿರುತ್ತದೆ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ. ಹೀಗಾಗಿ ವರ್ಷದ ಕೆಲಸವೆಲ್ಲ ಮೂರು ತಿಂಗಳಿಗೆ ಬಂದು ಬೀಳುತ್ತದೆ: ಎಲ್ಲ ಪಂಚಾಯತಿಗೂ ಒಂದೇ ವಾರದಲ್ಲಿ ಜಲ್ಲಿ ಬೇಕು, ಎಲ್ಲ ಗುತ್ತಿಗೆದಾರರಿಗೂ ಒಂದೇ ದಿನ ಮಿಕ್ಸರ್ ಬೇಕು, ಎಲ್ಲ ಬಿಲ್ಲುಗಳೂ ಒಂದೇ ಸಂಜೆ ಖಜಾನೆಯ ಬಾಗಿಲಿಗೆ ಬರುತ್ತವೆ. 2025ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ಬೇರೆ ಬಂತು. ನೀತಿ ಸಂಹಿತೆಯ ದಿನಗಳಲ್ಲಿ ಹೊಸ ಕೆಲಸಕ್ಕೆ ಕೈ ಹಾಕುವಂತಿಲ್ಲ. ಮೊದಲೇ ಗಿಡ್ಡವಾದ ಋತು ಇನ್ನೂ ಗಿಡ್ಡವಾಯಿತು.

ಕಾಯುವುದರ ಬೆಲೆ ಎಷ್ಟೆಂದು ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ನನ್ನ ಊಹೆ. ಲೆಕ್ಕದ ದಾರಿ ಮಾತ್ರ ಎಲ್ಲರಿಗೂ ಅನ್ವಯಿಸುತ್ತದೆ. ಅಂಗಡಿಯವರು ಗುತ್ತಿಗೆದಾರನಿಗೆ ತೆರಿಗೆ ಬಿಟ್ಟು 4 ಲಕ್ಷ ರೂಪಾಯಿಯ ಸಿಮೆಂಟು, ಸರಳು ಕೊಟ್ಟರು. ಲಾಭ 4 ಶೇಕಡ, ಅಂದರೆ 16 ಸಾವಿರ. ಕಂಪೆನಿಗೆ ತೆತ್ತದ್ದು 3 ಲಕ್ಷದ 84 ಸಾವಿರ ಮತ್ತು ಅದರ ಮೇಲೆ 18 ಶೇಕಡ ಜಿಎಸ್‌ಟಿ. ಒಟ್ಟು ಸುಮಾರು 4 ಲಕ್ಷದ 53 ಸಾವಿರ ಕಿಸೆಯಿಂದ ಹೋಗಿದೆ. ಕಂಪೆನಿಯವರು ಕಾಯುವವರಲ್ಲ, ಹಣ ಮೊದಲೇ ಕಟ್ಟಬೇಕು. ಅಂಗಡಿಯವರ ಓವರ್‌ಡ್ರಾಫ್ಟಿಗೆ ವರ್ಷಕ್ಕೆ 12 ಶೇಕಡ ಬಡ್ಡಿ ಎಂದುಕೊಂಡರೆ ತಿಂಗಳಿಗೆ ನಾಲ್ಕೂವರೆ ಸಾವಿರ. ಮೂರೂವರೆ ತಿಂಗಳಿಗೆ ಲಾಭ ಪೂರ್ತಿ ಕರಗಿತು. ನಾಲ್ಕನೆಯ ತಿಂಗಳಿನಿಂದ ಅಂಗಡಿಯವರೇ ಪಂಚಾಯತ್ ರಸ್ತೆಗೆ ದಾನ ಕೊಡತೊಡಗುತ್ತಾರೆ. ಉದ್ಘಾಟನೆಯ ಫಲಕದಲ್ಲಿ ದಾನಿಗಳ ಹೆಸರು ಹಾಕಿಸುವ ಪದ್ಧತಿ ನಮ್ಮಲ್ಲಿ ದೇವಸ್ಥಾನಗಳಿಗಷ್ಟೇ ಇದೆ.

2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಾಗ ಮನೆ ಕಟ್ಟುವವರಿಗೆ ಲಾಭ ಎಂದು ಎಲ್ಲರೂ ಹೇಳಿದರು. ಅಂಗಡಿಗೆ ಆದ ಲಾಭವನ್ನು ಗಮನಿಸಿದವರು ಕಡಿಮೆ. ಗುತ್ತಿಗೆದಾರನ ಹಣ ಬರುವವರೆಗೆ ತೆರಿಗೆಯ ರೂಪದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದ ಬಂಡವಾಳ ಅಷ್ಟರ ಮಟ್ಟಿಗೆ ತಗ್ಗಿತು. ಬಾಕಿ ಪೂರ್ತಿ ಮುಳುಗಿದರೆ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆಯಲು ನಮ್ಮ ಜಿಎಸ್‌ಟಿ ಕಾನೂನಿನಲ್ಲಿ ಅವಕಾಶವಿಲ್ಲ. ಆದ್ದರಿಂದ ಈ ಹತ್ತು ಶೇಕಡ ಸಣ್ಣದಲ್ಲ.

ಕಾನೂನು ವ್ಯಾಪಾರಿಯ ಕೈ ಹಿಡಿಯುವುದಿಲ್ಲವೇ? ಹಿಡಿಯುತ್ತದೆ, ಒಂದೊಂದು ಕಡೆ. ಮಾಲು ಕೊಟ್ಟವನಿಗೆ 180 ದಿನದೊಳಗೆ ಹಣ ಕೊಡದಿದ್ದರೆ ಕೊಂಡವನು ತಾನು ಪಡೆದ ತೆರಿಗೆ ಜಮೆಯನ್ನು, ಅಂದರೆ ಖರೀದಿಯ ಮೇಲಿನ ತೆರಿಗೆಯೆಂದು ತನ್ನ ತೆರಿಗೆಯಲ್ಲಿ ಕಳೆದುಕೊಂಡದ್ದನ್ನು, ಬಡ್ಡಿ ಸಮೇತ ಹಿಂದಿರುಗಿಸಬೇಕು ಎಂದು ಜಿಎಸ್‌ಟಿ ಹೇಳುತ್ತದೆ. ಆದರೆ ಕೊಂಡವನಿಗೇ ಸರಕಾರ ಹಣ ಕೊಟ್ಟಿಲ್ಲ. ಹಣ ಬಂದಾಗಲೂ ಆದಾಯ ತೆರಿಗೆಯ ಕಡಿತ, ಜಿಎಸ್‌ಟಿಯ 2 ಶೇಕಡ ಕಡಿತ, ಕಾರ್ಮಿಕ ಕಲ್ಯಾಣ ನಿಧಿಗೆ 1 ಶೇಕಡ, ಮೇಲೆ ಭದ್ರತಾ ಠೇವಣಿ ಎಂದು ಕತ್ತರಿಸಿಯೇ ಬರುತ್ತದೆ. ಇನ್ನು 2006ರ ಕಿರು, ಸಣ್ಣ ಉದ್ದಿಮೆಗಳ ಕಾನೂನು. ಅದರ ಪ್ರಕಾರ 45 ದಿನ ಮೀರಿ ಬಾಕಿ ಉಳಿಸಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲಿನಿಂದ ಆದಾಯ ತೆರಿಗೆಯಲ್ಲೂ ಇದಕ್ಕೆ ಬಲ ಬಂತು. ಗಡುವಿನೊಳಗೆ ಕೊಡದ ಹಣವನ್ನು ಕೊಟ್ಟು ಮುಗಿಸುವವರೆಗೆ ಖರ್ಚೆಂದು ತೋರಿಸುವಂತಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಈ ರಕ್ಷಣೆ ಇರುವುದು ತಯಾರಕರಿಗೆ, ಸೇವೆ ಕೊಡುವವರಿಗೆ. ಹಾಲೋಬ್ಲಾಕ್ ಮಾಡುವವರಿಗೆ, ಜಲ್ಲಿ ಒಡೆಯುವ ಕ್ರಶರಿಗೆ ಸಿಗುತ್ತದೆ. ಅವರಿಂದ ಕೊಂಡು ಮಾರುವ ಅಂಗಡಿಗೆ ಸಿಗುವುದಿಲ್ಲ. 2021ರಲ್ಲಿ ವ್ಯಾಪಾರಿಗಳನ್ನೂ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಸೇರಿಸಿಕೊಂಡರು, ಆದ್ಯತಾ ವಲಯದ ಬ್ಯಾಂಕ್ ಸಾಲಕ್ಕೆ ಮಾತ್ರ. ಬಾಕಿ ವಸೂಲಿಗೆ ದಾರಿಯಿಲ್ಲದವರಿಗೆ ಇನ್ನಷ್ಟು ಸಾಲ ಮಾಡಲು ದಾರಿ ತೋರಿಸಿದಂತಾಯಿತು. ಹಕ್ಕಿರುವ ಕ್ರಶರಿನವರಾದರೂ ದೂರು ಕೊಡುತ್ತಾರೆಯೇ? ಮುಂದಿನ ಮಾರ್ಚಿನ ಆರ್ಡರು ಅದೇ ಗುತ್ತಿಗೆದಾರನಿಂದ ಬರಬೇಕಲ್ಲ.

ಈ ಸರಪಳಿಯ ಮೇಲಿನ ತುದಿ ದೆಹಲಿಯಲ್ಲಿದೆ. ಕೇಂದ್ರಕ್ಕೆ ಸಾಲ ತೀರಿಸಬೇಕಾಗಿರುವ ರಾಜ್ಯ ಹೊಸ ಸಾಲ ಎತ್ತಲು ಸಂವಿಧಾನದ 293ನೆಯ ವಿಧಿಯಂತೆ ಕೇಂದ್ರದ ಒಪ್ಪಿಗೆ ಬೇಕು. ಕೇರಳ 2016ರಿಂದ ಕಿಫ್ಬಿ ಎಂಬ ಮೂಲಸೌಕರ್ಯ ನಿಧಿ ಮಂಡಳಿಯನ್ನು ಮುಂದಿಟ್ಟು ಬಜೆಟಿನ ಹೊರಗೆ ಸಾಲ ತಂದಿತು; 2019ರಲ್ಲಿ ಲಂಡನಿನಲ್ಲಿ 2,150 ಕೋಟಿ ರೂಪಾಯಿಯ ಮಸಾಲಾ ಬಾಂಡ್, ಅಂದರೆ ವಿದೇಶದಲ್ಲಿ ರೂಪಾಯಿ ಲೆಕ್ಕದಲ್ಲೇ ಮಾರುವ ಸಾಲಪತ್ರ, ಮಾರಿತು. ಶಾಲಾ ಕಟ್ಟಡಗಳು, ರಸ್ತೆಗಳು, ಆಸ್ಪತ್ರೆಗಳು ಬಂದವು. ಆ ಸಾಲವೂ ರಾಜ್ಯದ್ದೇ ಎಂದು ಕೇಂದ್ರ ಲೆಕ್ಕ ಹಿಡಿದು ರಾಜ್ಯದ ಸಾಲದ ಮಿತಿಯಲ್ಲಿ ಕಳೆಯಿತು. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲಿನಲ್ಲಿ ವಿಷಯ ಸಂವಿಧಾನ ಪೀಠಕ್ಕೆ ಹೋಯಿತು. ಎರಡೂ ಕಡೆಯ ವಾದದಲ್ಲಿ ತಿರುಳಿದೆ, ಆ ಜಗಳದಲ್ಲಿ ಪಕ್ಷ ವಹಿಸಲು ನಾನು ಹೊರಟಿಲ್ಲ. ನನಗೆ ಕಾಣುವುದು ಇಷ್ಟು: ದೆಹಲಿ ತಿರುವನಂತಪುರವನ್ನು ಬಿಗಿದರೆ ತಿರುವನಂತಪುರ ಖಜಾನೆಯನ್ನು ಬಿಗಿಯುತ್ತದೆ, ಖಜಾನೆ ಗುತ್ತಿಗೆದಾರನನ್ನು, ಗುತ್ತಿಗೆದಾರ ಬದಿಯಡ್ಕದ ಅಂಗಡಿಯನ್ನು. ಅಂಗಡಿಯವರು ಬಿಗಿಯಲು ಕೆಳಗೆ ಯಾರೂ ಇಲ್ಲ. ಪಾವತಿಯಾಗದ ಬಿಲ್ಲು ಕೂಡ ಸರಕಾರ ಎತ್ತಿದ ಸಾಲವೇ. ಕಿಫ್ಬಿಯ ಬಾಂಡನ್ನು ಲೆಕ್ಕಕ್ಕೆ ಹಿಡಿದವರು ಅಂಗಡಿಯ ಈ ಬಾಕಿ ಪುಸ್ತಕವನ್ನು ಹಿಡಿಯಲಿಲ್ಲ. ಇದಕ್ಕೆ ಬಡ್ಡಿಯಿಲ್ಲ, ಅವಧಿಯಿಲ್ಲ, ಒಪ್ಪಿಗೆ ಕೇಳುವ ಕ್ರಮವೂ ಇಲ್ಲ.

ಕಿಫ್ಬಿಯ ಕಟ್ಟಡಗಳಿಂದ ಅಂಗಡಿಗಳಿಗೆ ಸಿಕ್ಕಿದ್ದೂ ಕಡಿಮೆ. ಶಾಲೆಗಳಿಗೆ 5 ಕೋಟಿ, 3 ಕೋಟಿ, 1 ಕೋಟಿ ಎಂಬ ವರ್ಗ ಮಾಡಿದಾಗ ಕೆಲಸದ ಗಾತ್ರವೇ ಬದಲಾಯಿತು. ಊರಿನ ಸಣ್ಣ ಗುತ್ತಿಗೆದಾರನ ಪರವಾನಗಿಗೆ ಅದು ಎಟುಕುವುದಿಲ್ಲ. ಹೊರಗಿನಿಂದ ಬಂದವರು ಸಾಮಗ್ರಿಯನ್ನೂ ತಮ್ಮ ಪರಿಚಯದಲ್ಲೇ ತರಿಸುತ್ತಾರೆ.

ಗಡಿಯ ಅಂಗಡಿಗಳಿಗೆ ಇನ್ನೂ ಒಂದು ತೊಡಕಿದೆ. ಮಂಜೇಶ್ವರ, ವರ್ಕಾಡಿಯ ಕಡೆಯವರಿಗೆ ಸಗಟು ಪೇಟೆ ಎಂದರೆ ಮಂಗಳೂರು, ಕಾಸರಗೋಡಿಗಿಂತ ಹತ್ತಿರ. ಆದರೆ ತಲಪಾಡಿ ದಾಟಿದ ಮಾಲು ಅಂತರರಾಜ್ಯ ಮಾಲು, 50 ಸಾವಿರ ರೂಪಾಯಿ ಮೀರಿದರೆ ಇ–ವೇ ಬಿಲ್ ಎಂಬ ಸಾಗಾಟದ ಚೀಟಿ ಬೇಕು. ಒಂದೂವರೆ ಕೋಟಿಯೊಳಗಿನ ವಹಿವಾಟಿನವರು ವಹಿವಾಟಿನ ಮೇಲೆ ಸಣ್ಣದೊಂದು ಪಾಲು ಕಟ್ಟಿ ಮುಗಿಸುವ ರಾಜಿ ತೆರಿಗೆ ಪದ್ಧತಿಗೆ ಸೇರಿದರೆ ಲೆಕ್ಕ ಸುಲಭ, ಆದರೆ ಅವರು ಗಡಿಯಾಚೆಗೆ ಮಾರುವಂತಿಲ್ಲ. ಎರಡು ಕಿಲೋಮೀಟರ್ ಆಚೆಯ ಸಂಬಂಧಿಕರ ಮನೆಗೆ ಸಿಮೆಂಟು ಕಳುಹಿಸಿದರೆ ಅಪರಾಧ. ಅವರ ಬಿಲ್ಲಿನಲ್ಲಿ ತೆರಿಗೆ ಜಮೆ ಸಿಗದ ಕಾರಣ ಗುತ್ತಿಗೆದಾರರೂ ಅತ್ತ ತಲೆ ಹಾಕುವುದಿಲ್ಲ. ಹೊಯಿಗೆಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಕರ್ನಾಟಕದ ಹೊಯಿಗೆ ರಾಜ್ಯದ ಹೊರಗೆ ಹೋಗಬಾರದು ಎಂಬ ನಿಯಮವಿದೆ, ರಾತ್ರಿ ಹಿಡಿದ ಲಾರಿಗಳ ಸುದ್ದಿ ಬೆಳಗ್ಗೆ ಪತ್ರಿಕೆಯಲ್ಲಿರುತ್ತದೆ. ಸರಕಾರಿ ಕೆಲಸಕ್ಕೆ ಕಲ್ಲು ಪುಡಿ ಮಾಡಿ ತಯಾರಿಸುವ ಎಂ–ಸ್ಯಾಂಡ್ ಬಂದು ನೆಲೆಯೂರಿದ್ದರಲ್ಲಿ ನದಿಯ ಮೇಲಿನ ಕಾಳಜಿಯಷ್ಟೇ ಈ ಗಡಿಯ ಪಾಲೂ ಇದೆ.

ಇದರ ಪರಿಣಾಮ ಅಂಗಡಿಯಲ್ಲಿ ಮಾತ್ರ ನಿಲ್ಲುವುದಿಲ್ಲ. ತಡವಾಗಿ ಬರುವ ಹಣಕ್ಕೆ ಗುತ್ತಿಗೆದಾರ ಎರಡರಲ್ಲಿ ಒಂದು ಮಾಡಬಹುದು. ದರ ಏರಿಸಿ ಟೆಂಡರ್ ಹಾಕಬಹುದು. ಸ್ಪರ್ಧೆಯಲ್ಲಿ ಕೆಲಸ ಕೈತಪ್ಪುತ್ತದೆ. ಇಲ್ಲವೇ ಕೆಲಸ ಹಿಡಿದು ಎಲ್ಲೋ ಒಂದು ಕಡೆ ಉಳಿಸಬಹುದು: ಕಾಂಕ್ರೀಟಿನ ದಪ್ಪದಲ್ಲಿ, ಸಿಮೆಂಟಿನ ಪ್ರಮಾಣದಲ್ಲಿ, ನೀರು ಹಾಕಿ ನೆನೆಸುವ ದಿನಗಳಲ್ಲಿ. ಒಂದು ಮಳೆಗೆ ಏಳುವ ರಸ್ತೆಗಳನ್ನು ಕಂಡಾಗ ನಾವು ಗುತ್ತಿಗೆದಾರನನ್ನು ಬೈಯುತ್ತೇವೆ. ಬೈಯಬೇಕಾದದ್ದೇ. ಅದರ ಜೊತೆ ಬಿಲ್ಲು ಯಾವ ತಿಂಗಳು ಪಾಸಾಯಿತು ಎಂದೂ ಕೇಳುವುದು ಒಳ್ಳೆಯದು. ಬೇಸತ್ತವರು ಟೆಂಡರ್ ಹಾಕುವುದನ್ನೇ ಬಿಡುತ್ತಾರೆ. ಒಂದೇ ಕೆಲಸಕ್ಕೆ ಎರಡು, ಮೂರು ಸಲ ಟೆಂಡರ್ ಕರೆದರೂ ಯಾರೂ ಬಾರದ ಸುದ್ದಿ ಪಂಚಾಯತ್ ಸಭೆಗಳಲ್ಲಿ ಹೊಸದಲ್ಲ.

ದಾರಿಯಿಲ್ಲವೆಂದಲ್ಲ. ಸಾಮಗ್ರಿಯ ಬಿಲ್ಲನ್ನು ಗುತ್ತಿಗೆದಾರನ ಒಪ್ಪಿಗೆಯೊಂದಿಗೆ ಅಂಗಡಿಯ ಖಾತೆಗೇ ನೇರ ಪಾವತಿಸಬಹುದು; ಉದ್ಯೋಗ ಖಾತರಿಯ ಕೆಲಸಗಳಲ್ಲಿ ಸಾಮಗ್ರಿಯ ಹಣವನ್ನು ಹಾಗೆಯೇ ಕೊಡುತ್ತಿದ್ದರು. ಆದರೆ ಅಲ್ಲಿಯೂ ಕೂಲಿಯ ಹಣ ಮುಂದೆ, ಸಾಮಗ್ರಿಯ ಹಣ ಹಿಂದೆ ಎಂಬುದನ್ನು ಅನುಭವಿಸಿದವರಿದ್ದಾರೆ. ಅದಕ್ಕಿಂತ ಸುಲಭವಾದದ್ದು, ಖರ್ಚಿಲ್ಲದ್ದು ಇನ್ನೊಂದಿದೆ: ಯಾವ ಪಂಚಾಯತಿನ ಯಾವ ಬಿಲ್ಲು ಸಾಲಿನಲ್ಲಿ ಎಷ್ಟನೆಯದು ಎಂಬ ಪಟ್ಟಿಯನ್ನು ಎಲ್ಲರೂ ನೋಡುವಂತೆ ಇಡುವುದು, ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡದಲ್ಲೂ ಇಡುವುದು. ಹಣ ಬೇಗ ಬಾರದಿದ್ದರೂ ಯಾವಾಗ ಬರುತ್ತದೆಂದು ಗೊತ್ತಾದರೆ ಎಷ್ಟು ಕಡ ಕೊಡಬಹುದೆಂದು ಅಂಗಡಿಯವರು ನಿರ್ಧರಿಸಬಲ್ಲರು.

ಸದ್ಯಕ್ಕೆ ಅವರು ತಮ್ಮದೇ ಪಟ್ಟಿ ಮಾಡಿಕೊಂಡಿದ್ದಾರೆ. ಗುತ್ತಿಗೆದಾರ ಬಂದು ಸಿಮೆಂಟಿನ ದರ ಕೇಳಿದರೆ ಅನುಭವಿ ಅಂಗಡಿಯವರು ಕೂಡಲೇ ಹೇಳುವುದಿಲ್ಲ. ಯಾವ ನಿಧಿಯ ಕೆಲಸ ಎಂದು ಕೇಳುತ್ತಾರೆ. ಪಂಚಾಯತಿನ ಸ್ವಂತ ನಿಧಿಯೋ, ಯೋಜನಾ ನಿಧಿಯೋ, ಶಾಸಕರ ನಿಧಿಯೋ, ಕಳೆದ ವರ್ಷದಿಂದ ಉಳಿದು ಬಂದದ್ದೋ. ಉತ್ತರ ಬಂದ ಮೇಲೆ ಚೀಲದ ದರ ಹೇಳುತ್ತಾರೆ.